ಶರಾವತಿಯ ತಳದಲ್ಲಿ ಒಂದು ಹಿತ್ತಾಳೆಯ ಗಂಟು

ಕೇಬಲ್ಲಿನ ಉರುಳೆ ಹೊತ್ತ ಲಾರಿ ಕುಮಟೆಯಿಂದ ಬಂದು ಹೊನ್ನಾವರದ ಬಂದರಿನಲ್ಲಿ ನಿಂತಾಗ ಮೀನಿನ ಬುಟ್ಟಿ ಅಲ್ಲೇ ಬಿಟ್ಟು ಜನ ಅದರ ಸುತ್ತ ಸೇರಿದರು. ಆಳೆತ್ತರದ ಮರದ ಉರುಳೆ. ಅದರ ಮೇಲೆ ಡಾಂಬರು ಮೆತ್ತಿದ ಕಪ್ಪು ಕೇಬಲ್ಲು ಸುತ್ತಿ ಸುತ್ತಿ ಕೂತಿತ್ತು.

"ಎಂತ ತಮಾ ಇದು, ಹಡಗಿನ ಹಗ್ಗವ?" ಎಂದು ಮುದುಕರೊಬ್ಬರು ಕೇಳಿದರು.

"ಅಲ್ಲ ಅಜ್ಜಾ, ಟೆಲಿಫೋನು. ಹೊಳೆಯ ಅಡಿಯಿಂದ ಮಾತು ಆಚೆ ಹೋಗ್ತದೆ."

"ಮಾತಿಗೆ ಉಸಿರು ಕಟ್ಟೂದಿಲ್ವ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನಗೆ ಒಳಗೊಳಗೇ ಖುಷಿ ತಡೆಯಲಾಗುತ್ತಿರಲಿಲ್ಲ. ನಾನು ಅಂಚೆ-ತಾರು ಇಲಾಖೆಯಲ್ಲಿ ಜಾಯಿಂಟರ್ ಆಗಿದ್ದೆ. ಅಂದರೆ ಕೇಬಲ್ಲಿನ ತುದಿಗೆ ತುದಿ ಸೇರಿಸುವವನು. ಅಲ್ಲಿಯವರೆಗೆ ಗೋಡೆಯ ಮೇಲೆ, ನೆಲದಡಿಯಲ್ಲಿ ಕೆಲಸ ಮಾಡಿದ್ದೆನೇ ಹೊರತು ಹೊಳೆಯೊಳಗೆ ಹಾಕುವ ಕೇಬಲ್ಲನ್ನು ಕೈಯಿಂದ ಮುಟ್ಟಿ ನೋಡಿದ್ದು ಅದೇ ಮೊದಲು. ನಡುವೆ ಕಾಗದ ಸುತ್ತಿದ ತಾಮ್ರದ ಎಳೆಗಳು, ಅದರ ಮೇಲೆ ಸೀಸದ ಕೊಳವೆ, ಅದರ ಮೇಲೆ ಸೆಣಬು, ಅದರ ಮೇಲೆ ಉಕ್ಕಿನ ತಂತಿಗಳ ಕವಚ, ಎಲ್ಲದರ ಹೊರಗೆ ಡಾಂಬರು ಕುಡಿದ ಇನ್ನೊಂದು ಸುತ್ತು ಸೆಣಬು. ಇಷ್ಟೆಲ್ಲ ಅಂಗಿ ತೊಟ್ಟದ್ದು ಒಂದೇ ಕಾರಣಕ್ಕೆ. ಒಳಗಿನ ಕಾಗದಕ್ಕೆ ಒಂದು ಹನಿ ನೀರು ತಗುಲಿದರೆ ಮಾತು ಅಲ್ಲಿಗೇ ಸತ್ತಂತೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ಕುಮಟೆಯಿಂದ ಹೊನ್ನಾವರದವರೆಗೆ ಟೆಲಿಫೋನು ಮಾತಾಡುತ್ತಿತ್ತು. ಕುಮಟೆಯ ಬಡಗಣಕ್ಕೆ, ಮಿರ್ಜಾನದ ಹತ್ತಿರ ಅಘನಾಶಿನಿಯನ್ನು ಎತ್ತರದ ಕಂಬಗಳ ಮೇಲೆ ದಾಟಿಸಿಯಾಗಿತ್ತು. ಶರಾವತಿಯ ತೆಂಕಣ ದಡದ ಕಾಸರಕೋಡಿನಿಂದ ಮಂಕಿಯ ಮೇಲೆ ಹಾದು ಭಟ್ಕಳದವರೆಗೂ ಕಂಬ ನೆಟ್ಟು ತಂತಿ ಎಳೆದಿದ್ದೆವು. ಉಳಿದದ್ದು ಈ ಹೊಳೆಯೊಂದೇ. ಇಲ್ಲಿ ಕಂಬದ ಆಟ ನಡೆಯುವಂತಿರಲಿಲ್ಲ. ಹೊಳೆಯ ಬಾಯಿ ಅಷ್ಟು ಅಗಲ, ಜತೆಗೆ ಹಾಯಿ ಬಿಚ್ಚಿದ ಮಚವೆ ಹಡಗುಗಳು ದಿನವೂ ಒಳಗೆ ಬರುತ್ತಿದ್ದವು. ತಂತಿ ಎಳೆದರೆ ಅವುಗಳ ಹಾಯಿಕಂಬಕ್ಕೆ ಸಿಕ್ಕಿಕೊಳ್ಳುವುದು ಖಂಡಿತ.

ಭಟ್ಕಳದ ಅಂಚೆ ಕಚೇರಿಯಲ್ಲಿ ಟೆಲಿಫೋನಿನ ಪೆಟ್ಟಿಗೆಯನ್ನು ಗೋಡೆಗೆ ಹೊಡೆದು ಬಂದವನೂ ನಾನೇ. ಎದುರಿನ ದವಾಖಾನೆಯ ಡಾಕ್ಟರು ಅಂದು ಪಕ್ಕದಲ್ಲೇ ನಿಂತು ನೋಡಿದ್ದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ನಾನು ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಂತೆ ಕೇಳಿದರು.

"ಇದು ಯಾವಾಗ ಮಾತಾಡ್ತದೆ?"

"ಹೊಳೆ ದಾಟಿದ ಕೂಡ್ಲೆ, ಡಾಕ್ಟ್ರೇ. ಮಳೆಯ ಒಳಗೆ."

"ನನ್ನ ಹತ್ರ ಹೊಟ್ಟೆ ಕೊಯ್ಯೂಕೆ ಸಾಮಾನಿಲ್ಲ. ಕೊಯ್ಯೂ ಸರ್ಜನ್ ಕುಮಟೆಲಿ. ಟೆಲಿಗ್ರಾಮ್ ಕೊಟ್ರೆ ಅದು ಘಟ್ಟ ಹತ್ತಿ, ಊರೂರು ಸುತ್ತಿ, ಘಟ್ಟ ಇಳಿದು ಕುಮಟೆಗೆ ಹೋಗೂದು. ಅಷ್ಟೊತ್ತಿಗೆ ನಮ್ಮ ರೋಗಿ ಕಾಸರಕೋಡ ದಡದಲ್ಲಿ ದೋಣಿ ಕಾಯ್ತಾ ಮಲಗಿರ್ತಾನೆ. ಕಳೆದ ವರ್ಷ ಇಬ್ಬರನ್ನ ನಾನೇ ಕರ್ಕೊಂಡು ಹೋಗಿದ್ದೆ. ಹೊಳೆ ಕಾಣ್ತಾ ಕಾಣ್ತಾ ಹೋದ್ರು." ಅವರು ಪೆಟ್ಟಿಗೆಯನ್ನೊಮ್ಮೆ ಮುಟ್ಟಿದರು. "ಮಳೆಯ ಒಳಗೆ ಅಂದ್ರಲ್ಲ?"

"ಮಳೆಯ ಒಳಗೆ" ಎಂದು ಮತ್ತೆ ಹೇಳಿದೆ. ಅಂಥ ಮಾತು ಕೊಡುವ ಅಧಿಕಾರ ನನಗೇನೂ ಇರಲಿಲ್ಲ. ಆದರೂ ಕೊಟ್ಟೆ. ಆಮೇಲೆ ಡಾಕ್ಟರು ದಿನಕ್ಕೊಮ್ಮೆ ಬಂದು, ಸತ್ತು ಬಿದ್ದ ಆ ಟೆಲಿಫೋನನ್ನು ಕಿವಿಗೆ ಹಿಡಿದು ನೋಡಿ ಹೋಗುತ್ತಾರೆಂದು ಅಲ್ಲಿಯ ಪೋಸ್ಟ್‌ಮಾಸ್ತರರು ಹೇಳಿದಾಗ ನನಗೆ ನಿದ್ದೆ ಬರುವುದು ಕಷ್ಟವಾಯಿತು.

ನಮ್ಮ ಕೆಲಸದ ಮೇಲಿನವರು ಪುಣೆಯ ಕಡೆಯ ಸಾಹೇಬರು. ಧಾರವಾಡದಲ್ಲಿ ಕಲಿತ ಕನ್ನಡ, ಬಿಳಿ ಹ್ಯಾಟು, ಮೂಗಿನ ತುದಿಯಲ್ಲಿ ಸಿಟ್ಟು. ಉರುಳೆ ಇಳಿಸಿದ ದಿನವೇ ಅವರು ನನಗೆ ಎಚ್ಚರಿಕೆ ಕೊಟ್ಟರು.

"ಯುದ್ಧದ ಸಲುವಾಗಿ ತರಿಸಿ ಉಳದ ಮಾಲು ಇದು. ಬೇಡಿ ತಂದೇನಿ. ಮಳಿ ಹತ್ತೂದರೊಳಗ ಹೊಳಿಗೆ ಇಳೀಲಿಲ್ಲಂದ್ರ ಬ್ಯಾರೆ ಕಡೆ ಒಯ್ತಾರ. ಆಮ್ಯಾಲೆ ಭಟ್ಕಳಕ್ಕ ಫೋನ್ ಅನ್ನೂದನ್ನ ಮರ್ತುಬಿಡ್ರಿ."

ಹೊಳೆಗೆ ಇಳಿಸುವುದು ಹೇಗೆ? ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಉರುಳೆ ಇಡಬೇಕು. ಕೇಬಲ್ಲಿನ ತುದಿ ಹೊನ್ನಾವರದ ದಡದಲ್ಲಿ ಭದ್ರವಾಗಿರಬೇಕು. ಜಂಗಲು ಆಚೆ ದಡಕ್ಕೆ ಹೋಗುತ್ತ ಹೋಗುತ್ತ ಉರುಳೆ ತಿರುಗಿ, ಕೇಬಲ್ಲು ಹಿಂದಿನಿಂದ ಮೆಲ್ಲಗೆ ತಳಕ್ಕೆ ಇಳಿಯಬೇಕು. ಜಂಗಲನ್ನು ಎಳೆಯಲು ಮೋಟಾರು ದೋಣಿ ಬೇಕೆಂದರು ಸಾಹೇಬರು. ಅದು ಬರುವಾಗ ಮಳೆಯೂ ಬರುತ್ತದೆ ಎಂದೆ ನಾನು. "ರಂಪಣಿಯವರನ್ನ ಕರೀವ, ಸಾಹೇಬ್ರೆ. ಒಂದು ಊರಿನಷ್ಟು ಮೀನನ್ನ ಹಗ್ಗದಲ್ಲಿ ದಡಕ್ಕೆ ಎಳೆಯೋರು ಅವ್ರು. ನಮ್ಮ ಜಂಗಲು ಅವ್ರಿಗೆ ಯಾವ ಲೆಕ್ಕ?"

ರಂಪಣಿ ಎಂದರೆ ಕಡಲದಂಡೆಯ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದಂತೆ ಬಲೆ ಬಿಟ್ಟು ಬರುತ್ತಾರೆ. ಎರಡು ತುದಿಗಳ ಹಗ್ಗ ದಡದಲ್ಲಿರುತ್ತದೆ. ಎರಡು ಗುಂಪು ದೂರ ದೂರ ನಿಂತು ಒಂದೇ ಕೂಗಿಗೆ, ಒಂದೇ ಸಮ ಎಳೆಯುತ್ತವೆ. ಒಂದು ಕಡೆಯವರು ಎಳೆದು ಇನ್ನೊಂದು ಕಡೆಯವರು ಸುಮ್ಮನೆ ನಿಂತರೆ ಬಲೆ ಸೊಟ್ಟಗಾಗಿ ಮೀನೆಲ್ಲ ಪರಾರಿ. ಕಾಸರಕೋಡಿನ ಒಂದು ರಂಪಣಿಯ ತಾಂಡೇಲ, ಅಂದರೆ ಗುಂಪಿನ ಯಜಮಾನ, ನನ್ನ ಮಾತಿಗೆ ಒಪ್ಪಿದ. ಅಗಲ ಎದೆಯ, ಹಾಸ್ಯದ ಮನುಷ್ಯ. "ಆತು ತಮಾ. ಮೀನು ಸಿಗದ ಬಲೆ ಒಂದಾದ್ರೂ ಎಳೀವ" ಎಂದ.

ಒಂದು ಬೆಳಿಗ್ಗೆ ಉಬ್ಬರ ತುಂಬಿ ನೀರು ನಿಂತ ಹೊತ್ತಿಗೆ ಶುರು ಮಾಡಿದೆವು. ಅರ್ಧ ಜನ ಕಾಸರಕೋಡಿನ ಮರಳಿನಲ್ಲಿ ಜಂಗಲಿನ ಹಗ್ಗ ಹಿಡಿದು ನಿಂತರು. ಉಳಿದವರು ಹೊನ್ನಾವರದ ಕಡೆ ಕೇಬಲ್ಲಿನ ತುದಿ ಹಿಡಿದು ನಿಂತರು. ತುದಿಗೆ ಕಬ್ಬಿಣದ ಹಿಡಿಕಟ್ಟು ಬಿಗಿದು ಅದಕ್ಕೆ ಹಗ್ಗ ಕಟ್ಟಿದ್ದೆವು. ಅವರ ಕೆಲಸ ಹಿಡಿದುಕೊಂಡು ನಿಲ್ಲುವುದು, ಅಷ್ಟೆ. "ಹಿಡ್ಕಣಿ, ಎಳೀಬೇಡಿ" ಎಂದು ಒಬ್ಬೊಬ್ಬರಿಗೂ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ನಾನು ಜಂಗಲಿನ ಮೇಲೆ ಉರುಳೆಯ ಪಕ್ಕದಲ್ಲಿದ್ದೆ. ಉರುಳೆ ಕಿರ್ರೆಂದು ತಿರುಗುತ್ತಿತ್ತು, ಕೇಬಲ್ಲು ಜಂಗಲಿನ ಹಿಂಬದಿಗೆ ಕೂರಿಸಿದ ಗಾಲಿಯ ಮೇಲಿಂದ ಜಾರಿ ನೀರಿಗೆ ಇಳಿಯುತ್ತಿತ್ತು. ಎಷ್ಟು ಚಂದ ಕಾಣುತ್ತಿತ್ತೆಂದರೆ ನಾನು ಹಾಡುವುದೊಂದು ಬಾಕಿ. ಹೊಳೆಯ ನಡು ದಾಟುವಾಗ ನೀರು ಇಳಿಯಲು ತೊಡಗಿ ಜಂಗಲು ಕಡಲಿನ ಕಡೆ ವಾಲಿತು. ಕಾಸರಕೋಡಿನವರಿಗೆ ಭಾರ ಹತ್ತಿತು. ತಾಂಡೇಲ ಎರಡು ಕೈ ಎತ್ತಿ, ಹೊಳೆ ತುಂಬುವಂಥ ದನಿಯಲ್ಲಿ "ಹೈಸಾ!" ಎಂದು ಕೂಗಿದ.

ಆ ಕೂಗು ಹೊನ್ನಾವರದ ದಡಕ್ಕೂ ಕೇಳಿಸಿತು. ಹುಟ್ಟಿದಾಗಿನಿಂದ ಆ ಕೂಗಿಗೆ ಎಳೆದ ಕೈಗಳು ಅಲ್ಲೂ ಇದ್ದವು. ಆ ಕಡೆಯವರು ಎಳೆಯುವಾಗ ತಾವು ಸುಮ್ಮನೆ ನಿಂತರೆ ಬಲೆ ಸೊಟ್ಟಗಾಗುತ್ತದಲ್ಲ! "ಹೈಸಾ!" ಎಂದು ಮಾರುತ್ತರ ಕೊಟ್ಟು ಇವರೂ ಎಳೆದರು. ನಾನು ಜಂಗಲಿನ ಮೇಲಿಂದ ಎರಡು ಕೈ ಬೀಸಿ "ಬೇಡ, ಬೇಡ್ರಾ!" ಎಂದು ಕಿರುಚಿದೆ. ಅವರು ಅದನ್ನು ಹುರುಪು ತುಂಬುವ ಕೂಗೆಂದುಕೊಂಡು ಇನ್ನಷ್ಟು ಜೋರಾಗಿ ಎಳೆದರು. ತಳದಲ್ಲಿ ಮಲಗಿದ್ದ ಕೇಬಲ್ಲು ನೀರು ಸೀಳಿಕೊಂಡು ಮೇಲೆದ್ದು ನೆಟ್ಟಗಾಯಿತು. ಉರುಳೆ ಒಮ್ಮೆ ರಭಸದಿಂದ ಬಿಚ್ಚಿಕೊಂಡಿತು, ಸಡಿಲವಾದ ಸುತ್ತೊಂದು ಗಾಲಿಗೆ ಸಿಕ್ಕಿ ಮಡಚಿತು. ಮಡಚಿದ ಕಡೆ ಉಕ್ಕಿನ ತಂತಿಗಳು ಬಿರಿದವು. ಸೀಸ ಒಡೆದ ಸದ್ದನ್ನು ನನ್ನ ಕಿವಿಯಿಂದ ಕೇಳಿದೆ.

ಕೇಬಲ್ಲನ್ನೆಲ್ಲ ಹಿಂದಕ್ಕೆ ಎಳೆದು ಉರುಳೆಗೆ ಸುತ್ತುವುದರಲ್ಲಿ ಉಳಿದ ದಿನ ಕಳೆಯಿತು. ಮೆಗ್ಗರ್ ಎಂಬ, ಹಿಡಿಕೆ ತಿರುಗಿಸಿ ಸೂಜಿ ನೋಡುವ ಪೆಟ್ಟಿಗೆ ನಮ್ಮ ಹತ್ತಿರ ಇತ್ತು. ಕೇಬಲ್ಲು ಒಣಗಿದ್ದರೆ ಸೂಜಿ ಮೇಲೆ ಹೋಗಿ ನಿಲ್ಲುತ್ತದೆ, ನೀರು ಹೊಕ್ಕಿದ್ದರೆ ಸೊನ್ನೆಗೆ ಬೀಳುತ್ತದೆ. ನಾನು ಹಿಡಿಕೆ ತಿರುಗಿಸಿದೆ. ಸೂಜಿ ಏಳಲೇ ಇಲ್ಲ.

"ನಿಮ್ಮ ಮೀನಿನ ಮಂದಿ!" ಎಂದರು ಸಾಹೇಬರು. ಅದಕ್ಕಿಂತ ಹೆಚ್ಚು ಬೈಯಲು ಅವರಿಗೂ ಶಕ್ತಿ ಇರಲಿಲ್ಲ.

ಒಡೆದ ಭಾಗವನ್ನೂ ಕಬ್ಬಿಣದ ಹಿಡಿಕಟ್ಟು ಸೀಸವನ್ನು ಜಜ್ಜಿದ್ದ ತುದಿಯನ್ನೂ ಕೊಯ್ದು ತೆಗೆದೆವು. ದಡದಲ್ಲಿ ಸುತ್ತಿಡಲೆಂದು ಇದ್ದ ಹೆಚ್ಚುವರಿ ಉದ್ದ ಅಲ್ಲಿಗೆ ಮುಗಿಯಿತು. ಈಗ ಕೇಬಲ್ಲು ಎರಡು ತುಂಡು. ಸೇರಿಸಿದರೆ ಹೊಳೆಗೆ ಸರಿಯಾಗಿ ಸಾಕು. ಆದರೆ ಸೇರಿಸಿದ ಗಂಟು ಹೊಳೆಯ ತಳದಲ್ಲಿ, ಉಪ್ಪುನೀರಿನಲ್ಲಿ, ಸೆಳೆತದ ನಡುವೆ ಇರಬೇಕು. ಹೊಳೆಯೊಳಗೆ ಗಂಟು ಹಾಕಬೇಡಿ ಎಂದೇ ನಮಗೆ ಕಲಿಸಿದ್ದರು. ಹಾಕಲೇಬೇಕಾದರೆ ಅದಕ್ಕೆಂದೇ ಮಾಡಿದ ಎರಕದ ಪೆಟ್ಟಿಗೆ ಬೇಕು. ಅದು ದೂರದ ಉಗ್ರಾಣದಿಂದ ಬರಬೇಕು, ಮಳೆ ಅದಕ್ಕಾಗಿ ಕಾಯುವುದಿಲ್ಲ.

"ನಾನು ಮಾಡ್ತೆ ಪೆಟ್ಟಿಗೆ" ಎಂದೆ.

ಸಾಹೇಬರು ಹ್ಯಾಟು ತೆಗೆದು ನನ್ನನ್ನೇ ನೋಡಿದರು. "ಮಾಡಿ ತೋರಸ್ರಿ. ನೀರಾಗ ಮುಳಗಿಸಿ ನೋಡೂಣು. ಸೂಜಿ ಬಿತ್ತಂದ್ರ ಉರುಳಿ ವಾಪಸ್."

ಮಾತೇನೋ ಆಡಿದ್ದಾಯಿತು. ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ! ನೀರು ಒಳಗೆ ಬಾರದಂತೆ ಮಾಡುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡದು ಎಳೆತ. ಹೊಳೆ ಕೇಬಲ್ಲನ್ನು ಎಳೆದಾಗ ಆ ಭಾರ ಒಳಗಿನ ಎಳೆಗಳಿಗಾಗಲಿ ಸೀಸಕ್ಕಾಗಲಿ ಬೀಳಬಾರದು, ಹೊರಗಿನ ಉಕ್ಕಿನ ತಂತಿಗಳೇ ಹೊರಬೇಕು. ಹಾಗಾದರೆ ಎರಡು ತುಂಡುಗಳ ಉಕ್ಕಿನ ತಂತಿಗಳನ್ನು ಪೆಟ್ಟಿಗೆ ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಬೋಲ್ಟು ಹಾಕಿ ಬಿಗಿದು ನೋಡಿದೆ, ಎಳೆದರೆ ಜಾರಿತು. ಇನ್ನೂ ಬಿಗಿದೆ, ತಂತಿ ತುಂಡಾಯಿತು. ಎರಡು ದಿನ ಹೀಗೇ ತಲೆ ಕೆಡಿಸಿಕೊಂಡೆ. ಊಟಕ್ಕೆ ಕೂತರೂ ಬಾಳೆಲೆಯ ಮೇಲೆ ಬೆರಳಿನಿಂದ ಪೆಟ್ಟಿಗೆ ಬರೆಯುತ್ತಿದ್ದೆ.

ಮೂರನೆಯ ಬೆಳಿಗ್ಗೆ ನಮ್ಮ ಕಂಬದ ಗ್ಯಾಂಗಿನವನೊಬ್ಬ ಪಿಕಾಸಿಗೆ ಹೊಸ ಮರದ ಕಾವು ಹಾಕುತ್ತಿದ್ದ. ಕಾವಿನ ಸಣ್ಣ ತುದಿಯಿಂದ ಪಿಕಾಸು ತೂರಿಸಿ, ಕಾವನ್ನು ತಲೆಕೆಳಗು ಹಿಡಿದು ಕಲ್ಲಿಗೆ ಕುಟ್ಟಿದ. ಪಿಕಾಸು ಜಾರಿ ಬಂದು ದಪ್ಪ ತುದಿಗೆ ಕಚ್ಚಿಕೊಂಡಿತು. ಅಷ್ಟೇ. ಮೊಳೆಯಿಲ್ಲ, ಬೋಲ್ಟಿಲ್ಲ. ಎಷ್ಟು ಬೀಸಿದರೆ ಅಷ್ಟು ಬಿಗಿ. ಇದನ್ನು ನಾನು ಸಾವಿರ ಸಲ ನೋಡಿದ್ದೆ, ನಾನೇ ಮಾಡಿಯೂ ಇದ್ದೆ. ಆ ದಿನ ಮಾತ್ರ ಎದ್ದು ನಿಂತು "ಸಿಕ್ತು!" ಎಂದು ಕೂಗಿ ಅವನ ಕೈಯಿಂದ ಪಿಕಾಸು ಕಿತ್ತುಕೊಂಡೆ.

"ಎಂತ ಆತು ಮಾರಾಯ್ರೆ, ಹಾವ?" ಎಂದು ಅವನು ಹಿಂದಕ್ಕೆ ಹಾರಿದ.

ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಇರುವ ಹಿತ್ತಾಳೆಯ ಗೂಟ. ಅದರ ನಡುವಿನ ತೂತಿನಲ್ಲಿ ಸೀಸದ ಕೊಳವೆ ಹಾಯಬೇಕು. ಗೂಟದ ಮೈಮೇಲೆ ಸುತ್ತಲೂ ಉಕ್ಕಿನ ತಂತಿಗಳು ಹರಡಬೇಕು. ಅದರ ಮೇಲೆ ಅದೇ ಓರೆಯ ಇನ್ನೊಂದು ಕೊಳವೆ ಕೂರಬೇಕು. ಹೊಳೆ ಎಳೆದಷ್ಟೂ ಗೂಟ ಕೊಳವೆಯೊಳಗೆ ಬಿಗಿಯಾಗುತ್ತದೆ, ತಂತಿಗಳು ನಡುವೆ ಸಿಕ್ಕಿಕೊಂಡು ಅಲ್ಲಾಡುವುದಿಲ್ಲ. ಎರಡು ತುದಿಗೆ ಇಂಥ ಎರಡು ಗೂಟ, ನಡುವೆ ಎರಡನ್ನೂ ಸೇರಿಸುವ ಪೆಟ್ಟಿಗೆ. ಕಾಗದದ ಮೇಲೆ ಬರೆದುಕೊಂಡು ಸಿಕ್ಕ ಬಸ್ಸು ಹತ್ತಿ ಕುಮಟೆಗೆ ಓಡಿದೆ.

ಅಲ್ಲಿ ಬಸ್ಸು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಲೋಹ ಕಡೆಯುವ ಒಂದು ಲೇತ್ ಇತ್ತು. ಅದರ ಮೇಸ್ತ್ರಿ ನನ್ನ ಕಾಗದವನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡ ಹಿಡಿದು ನೋಡಿದರು.

"ಇದು ಎಂತಕ್ಕೆ? ಎಣ್ಣೆ ಗಾಣಕ್ಕಾ?"

"ಭಟ್ಕಳಕ್ಕೆ ಫೋನ್ ಮಾಡೂಕೆ."

"ಹಂಗಾರೆ ಅರ್ಜೆಂಟೇ ಸೈ" ಎಂದು ಅವರು ಹಳೆಯ ಉಗಿ ದೋಣಿಯೊಂದರ ಪಂಪಿನ ಹಿತ್ತಾಳೆ ಕೊಳವೆಯನ್ನು ಗುಜರಿಯ ರಾಶಿಯಿಂದ ಎಳೆದರು. ಓರೆಯಾಗಿ ಕೊರೆಯುವುದು ಸುಲಭದ ಕೆಲಸವಲ್ಲ. ಗೂಟದ ಓರೆ, ಕೊಳವೆಯ ಓರೆ ಒಂದಕ್ಕೊಂದು ಸರಿಹೊಂದಬೇಕು. ಗೂಟಕ್ಕೆ ದೀಪದ ಮಸಿ ಹಚ್ಚಿ ಕೊಳವೆಯೊಳಗೆ ತಿರುಗಿಸುವುದು, ಮಸಿ ಎಲ್ಲಿ ತಾಗಿದೆಯೋ ಅಲ್ಲಿ ಕೆರೆಯುವುದು, ಮತ್ತೆ ಮಸಿ ಹಚ್ಚುವುದು. ಕೊನೆಗೆ ಮಸಿ ಸುತ್ತಲೂ ಒಂದೇ ಸಮ ಹತ್ತಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಇಬ್ಬರ ಮುಖವೂ ಕಪ್ಪಾಗಿತ್ತು.

ಕೊಯ್ದು ತೆಗೆದ ಕೇಬಲ್ಲಿನಲ್ಲೇ ಪರೀಕ್ಷೆಯ ಗಂಟು ಹಾಕಿದೆ. ತಾಮ್ರದ ಎಳೆಗಳನ್ನು ಹೊಸೆದು, ಕಾಗದದ ಕೊಳವೆ ತೊಡಿಸಿ, ಮೇಲೆ ಕುದಿಯುವ ಮೇಣ ಸುರಿದೆ. ಮೇಣ ಸುರಿಯುವಾಗ ಕಾಗದ ಚಟಚಟ ಅಂದರೆ ಒಳಗೆ ಇನ್ನೂ ತೇವ ಇದೆ ಎಂದರ್ಥ, ಸುಮ್ಮನಾಗುವವರೆಗೆ ಸುರಿಯುತ್ತಲೇ ಇರಬೇಕು. ಮೇಲೆ ಅಂಗಿಯ ತೋಳಿನ ಹಾಗೆ ಸೀಸದ ತೋಳು ತೊಡಿಸಿ ಬೆಸೆದು, ಹಿತ್ತಾಳೆ ಪೆಟ್ಟಿಗೆಯನ್ನು ಮುಚ್ಚಿ, ಒಳಗೆ ಕಾದ ಡಾಂಬರು ತುಂಬಿದೆ. ಗ್ಯಾಂಗಿನವರೆಲ್ಲ ಸೇರಿ ಎಳೆದು ನೋಡಿದರು. ಒಂದು ನೂಲಿನಷ್ಟೂ ಜಾರಲಿಲ್ಲ! ಬಂದರಿನ ಧಕ್ಕೆಯ ಕಂಬಕ್ಕೆ ಕಟ್ಟಿ ಹೊಳೆಗೆ ಇಳಿಸಿದೆವು. ಮರುದಿನ ಸಾಹೇಬರ ಎದುರಿಗೆ ಹಿಡಿಕೆ ತಿರುಗಿಸಿದೆ. ಸೂಜಿ ಅರ್ಧಕ್ಕೆ ಎದ್ದಿತು, ತಡವರಿಸಿತು, ಕೆಳಗೆ ಬಿತ್ತು.

"ಇನ್ನೊಂದು ಅವಕಾಶ ಕೊಡಿ" ಎಂದೆ. ಸಾಹೇಬರು ಪಡುವಣದ ಆಕಾಶ ನೋಡಿದರು. ಅಲ್ಲಿ ಆಗಲೇ ಮೋಡದ ಚೂರುಗಳು ಓಡಾಡುತ್ತಿದ್ದವು. "ಒಂದಽ" ಎಂದರು.

ಪೆಟ್ಟಿಗೆ ಬಿಚ್ಚಿ ನೋಡಿದೆ. ಡಾಂಬರು ಆರುವಾಗ ಕುಗ್ಗಿ ನಡುವೆ ಪೊಳ್ಳು ಬಿಟ್ಟಿತ್ತು. ಅದರ ಮೂಲಕ ನೀರು ಸೀಸದವರೆಗೆ ಬಂದಿತ್ತು. ಸೀಸದ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಇತ್ತು. ಕಾರಣ ಗೊತ್ತಾದ ಕೂಡಲೇ ನನ್ನ ಹುರುಪು ಮರಳಿತು. ಗೊತ್ತಿರುವ ಕಳ್ಳನನ್ನು ಹಿಡಿಯಬಹುದಲ್ಲ! ಡಾಂಬರನ್ನು ಒಂದೇ ಸಲ ತುಂಬದೆ, ಆರಿ ಕುಗ್ಗಿದ ಹಾಗೆಲ್ಲ ಮತ್ತೆ ಮತ್ತೆ ತುಂಬುವುದೆಂದು ಗೊತ್ತು ಮಾಡಿದೆ. ತೂತನ್ನು ಪತ್ತೆ ಮಾಡಲು ಸೈಕಲ್ ಟ್ಯೂಬಿನ ವಾಲ್ವನ್ನು ಸೀಸದ ತೋಳಿಗೆ ಬೆಸೆದೆ. ಪಂಪಿನಿಂದ ಗಾಳಿ ಹೊಡೆದು, ಬೆಸುಗೆಯ ಮೇಲೆ ಸಾಬೂನಿನ ನೊರೆ ಹಚ್ಚಬೇಕು. ಸಾಬೂನು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ, ಅಂಟುವಾಳದ ಕಾಯಿ ನೆನೆಹಾಕಿ ಕಡೆದು ನೊರೆ ಮಾಡಿದೆ. ತೂತಿದ್ದಲ್ಲಿ ಗುಳ್ಳೆ ಏಳುತ್ತಿತ್ತು, ಅಲ್ಲೇ ಬೆಸೆಯುತ್ತಿದ್ದೆ. ಗುಳ್ಳೆ ಏಳದಂತಾದ ಮೇಲೆ ವಾಲ್ವು ತೆಗೆದು ಬಾಯಿ ಮುಚ್ಚಿದೆ. ಈ ಸಲ ಹೊಳೆಯಿಂದ ಮೇಲೆತ್ತಿದಾಗ ಸೂಜಿ ಸರ್ರನೆ ತುದಿಗೆ ಹೋಗಿ ಅಲ್ಲೇ ನಿಂತಿತು. ಸಾಹೇಬರು ನನ್ನನ್ನು ಸರಿಸಿ ತಾವೇ ಹಿಡಿಕೆ ತಿರುಗಿಸಿದರು. ಆಗಲೂ ಅದು ಅಲ್ಲೇ ನಿಂತಿತು.

"ಗಂಟು ಪಾಸ್" ಎಂದರು. "ಆದರ ಆ ಮಂದಿ ಬ್ಯಾಡ. ಬ್ಯಾರೆ ಕೂಲಿ ಆಳು ತರಸ್ರಿ."

ಇದೇ ನನಗೆ ಕಷ್ಟದ ಘಳಿಗೆ. ಸಾಹೇಬರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇನ್ನೊಮ್ಮೆ ಆ ಕೂಗಿಗೆ ಕೈಗಳು ಎಳೆದರೆ ಎಲ್ಲ ಮುಗಿದಂತೆ. ಆದರೆ ಹಗ್ಗ ಹಿಡಿದು ಗೊತ್ತಿಲ್ಲದ ಕೂಲಿಯವರು ಶರಾವತಿಯ ಸೆಳೆತದಲ್ಲಿ ಜಂಗಲನ್ನು ನೆಟ್ಟಗೆ ತರುವುದುಂಟೆ? ಕಾಸರಕೋಡಿಗೆ ಹೋಗಿ ತಾಂಡೇಲನನ್ನು ಕಂಡೆ. ಅವನು ಬಲೆ ನೇಯುತ್ತ ಕುಳಿತಿದ್ದ. ತಲೆ ಎತ್ತಲಿಲ್ಲ.

"ಎಳೀಬೇಡಿ ಹೇಳಿದ್ರೆ ನಮ್ಮವ್ರು ಎಳೀದೆ ಇರೂದಿಲ್ಲ ತಮಾ. ಒಂದ್ ಕಡೆ ಎಳೆದ್ರೆ ಇನ್ನೊಂದ್ ಕಡೆ ಕೈ ತಾನೇ ಎಳೀತದೆ. ಅದ ನಾ ಎಂತ ಮಾಡೂದು?"

ಆ ಮಾತೇ ನನಗೆ ದಾರಿ ತೋರಿಸಿತು. ಮರಳಿನ ಮೇಲೆ ಕಡ್ಡಿಯಿಂದ ಹೊಳೆ ಬರೆದೆ. "ತಾಂಡೇಲಣ್ಣ, ಹೊನ್ನಾವರದ ಬದಿಗೆ ಒಬ್ಬರೂ ಬೇಡ. ಅಲ್ಲಿ ತುದಿಯನ್ನ ಮರಕ್ಕೆ ಕಟ್ಟುವ, ಮರ ಎಳೀಲಿಕ್ಕಿಲ್ಲ. ನಿಮ್ಮ ಎರಡು ಗುಂಪೂ ಇದೇ ದಡದಲ್ಲಿ, ದೂರ ದೂರ ನಿಲ್ಲಲಿ. ಜಂಗಲಿಗೆ ಎರಡು ಹಗ್ಗ. ಇಬ್ಬರೂ ಸಮಸಮ ಎಳೀಲಿ. ಜಂಗಲೇ ನಿಮ್ಮ ಬಲೆ."

ಅವನು ಬಲೆ ಬದಿಗಿಟ್ಟು ಆ ಗೆರೆಗಳ ಮೇಲೆ ಬಾಗಿದ. ಆಮೇಲೆ ಮುಖ ಅರಳಿತು. "ಹಂಗಾರೆ ಸೆಳೆತ ಎಂತ ಮಾಡ್ತದೆ? ಎತ್ಲಾಗೂ ವಾಲೂಕೆ ಬಿಡೂದಿಲ್ಲ! ಇದು ರಂಪಣಿಯೇ ಅಲ್ದಾ ಮಾರಾಯ!"

ಸಾಹೇಬರನ್ನು ಒಪ್ಪಿಸಲು ಅದೇ ಚಿತ್ರವನ್ನು ಅವರ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ತೋರಿಸಬೇಕಾಯಿತು. ಒಂದು ಕಡ್ಡಿಯನ್ನು ಅವರೇ ಸ್ವಲ್ಪ ಸರಿಸಿ, "ಹೀಂಗ ಅಗಲ ನಿಂದರ್ಸ್ರಿ" ಎಂದಾಗ ಒಪ್ಪಿದರೆಂದು ತಿಳಿಯಿತು.

ಕೇಬಲ್ಲಿನ ತುದಿಯನ್ನು ಮರಕ್ಕೆ ಕಟ್ಟಲು ಕಬ್ಬಿಣದ ಹಿಡಿಕಟ್ಟು ನನಗೆ ಬೇಡವಾಗಿತ್ತು. ಕತ್ತದ ಹಗ್ಗದಿಂದ ಬಲೆಯ ಹಾಗೆ ಹೆಣೆದ ಉದ್ದ ಕಾಲುಚೀಲವೊಂದನ್ನು ತಾಂಡೇಲನಿಂದ ಮಾಡಿಸಿದೆ. ಕೇಬಲ್ಲಿನ ತುದಿಗೆ ತೊಡಿಸಿ ಎಳೆದರೆ ಚೀಲ ಉದ್ದವಾಗಿ, ಸಣ್ಣಗಾಗಿ, ಮೈಯೆಲ್ಲ ಅಪ್ಪಿ ಹಿಡಿಯಬೇಕು. ಮೊದಲನೆಯದು ಗಿಡ್ಡವಾಗಿತ್ತು. ಎಳೆದ ಕೂಡಲೇ ಕಳಚಿ ಬಂದು ನಾವೆಲ್ಲ ಮರಳಿನ ಮೇಲೆ ಅಂಗಾತ ಬಿದ್ದೆವು. ತಾಂಡೇಲ ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎರಡರಷ್ಟು ಉದ್ದ ಹೆಣೆದ ಇನ್ನೊಂದು ಚೀಲ ಸೀಸಕ್ಕೆ ಒಂದು ಗೀರೂ ಬೀಳದಂತೆ ಹಿಡಿಯಿತು.

ನಿಜವಾದ ಗಂಟನ್ನು ದಡದಲ್ಲೇ, ಪಡುಗಾಳಿ ಏಳುವ ಮೊದಲು, ತಾಡಪಾಲಿನ ಮರೆಯಲ್ಲಿ ಹಾಕಿದೆ. ಕಡಲ ಗಾಳಿ ಬಂತೆಂದರೆ ಅದರ ಜತೆಗೆ ತೇವವೂ ಬರುತ್ತದೆ. ಬೆವರಿನ ಹನಿ ಬೀಳಬಾರದೆಂದು ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದೆ. ಪರೀಕ್ಷೆಯಲ್ಲಿ ಕಲಿತದ್ದನ್ನೆಲ್ಲ ಒಂದೊಂದಾಗಿ ಮಾಡಿ, ಕೊನೆಗೆ ಪೆಟ್ಟಿಗೆಯ ಮೇಲೆ ಡಾಂಬರು ಅದ್ದಿದ ಗೋಣಿ ಸುತ್ತಿದೆ. ಉಪ್ಪುನೀರಿನಲ್ಲಿ ಹಿತ್ತಾಳೆ, ಉಕ್ಕು ಒಂದಕ್ಕೊಂದು ತಾಗಿಕೊಂಡಿದ್ದರೆ ಉಕ್ಕು ಬೇಗ ತಿಂದುಹೋಗುತ್ತದೆ. ಉರುಳೆಗೆ ಗಂಟನ್ನು ಸುತ್ತಲು ಬರುವುದಿಲ್ಲ. ಹಾಗಾಗಿ ಮೊದಲ ತುಂಡನ್ನು ಜಂಗಲಿನ ಹಲಗೆಯ ಮೇಲೆ ಎಂಟರ ಅಂಕಿಯಂತೆ ಮಡಿಸಿ ಇಟ್ಟೆವು. ನಡುವೆ ಗಂಟು, ಅದರಾಚೆ ಉರುಳೆಯಲ್ಲಿ ಎರಡನೆಯ ತುಂಡು.

ಉಬ್ಬರ ತುಂಬಿ ನೀರು ನಿಂತಿತು. ತಾಂಡೇಲ ಕೈ ಎತ್ತಿದ. "ಹೈಸಾ!" ಎರಡು ಗುಂಪೂ ಒಂದೇ ದನಿಯಲ್ಲಿ ಉತ್ತರಿಸಿದವು, ಎರಡು ಹಗ್ಗಗಳೂ ಒಂದೇ ಸಮ ಬಿಗಿದವು. ಜಂಗಲು ಗ್ಯಾಂಗಿನವರನ್ನೂ ನನ್ನನ್ನೂ ಹೊತ್ತು ಗೆರೆ ಎಳೆದಂತೆ ಹೊರಟಿತು. ನಾವು ಮಡಿಕೆ ಬಿಚ್ಚಿ ಬಿಚ್ಚಿ ಕೇಬಲ್ಲನ್ನು ಗಾಲಿಗೆ ಕೊಡುತ್ತಿದ್ದೆವು. ನಡುಹೊಳೆಯಲ್ಲಿ ಮಡಿಕೆ ಮುಗಿಯಿತು, ಗಂಟಿನ ಸರದಿ ಬಂತು. ನಾನು ಹೆಗಲ ಮೇಲಿನ ಕೆಂಪು ವಲ್ಲಿ ತೆಗೆದು ನಿಲ್ಲಿಸಲು ಬೀಸಿದೆ. ತಾಂಡೇಲ ಕೈ ಇಳಿಸಿದ, ಅಷ್ಟೂ ಜನ ಹಗ್ಗ ಹಿಡಿದು ನಿಂತರು. ಪೆಟ್ಟಿಗೆ ಗಾಲಿಯ ಮೇಲೆ ಹೋಗುವಂತಿರಲಿಲ್ಲ. ನಾಲ್ಕು ಜನ ಹಗ್ಗದ ತೊಟ್ಟಿಲಿನಲ್ಲಿ ಎತ್ತಿ ಹೊರಗೆ ದಾಟಿಸಿದೆವು. ಒಂದು ಕ್ಷಣ ಅದು ನನ್ನ ಕೈಗಳ ಮೇಲಿತ್ತು. ಎಳೆತ ಬಿದ್ದದ್ದು, ಒಳಗೆ ಗೂಟ ಬಿಗಿದುಕೊಂಡದ್ದು ಅಂಗೈಗೆ ಗೊತ್ತಾಯಿತು. ಆಮೇಲೆ ಕೈಬಿಟ್ಟೆ. ಗುಳಕ್ ಎಂದು ಮುಳುಗಿತು.

"ಹೈಸಾ!" ಎಂದು ಈ ಸಲ ನಾನೇ ಕೂಗಿದೆ. ಆಚೆ ದಡದವರು ನಕ್ಕು, ಎಳೆದರು. ಎಳೆಯುತ್ತ ಎಳೆಯುತ್ತ ಎರಡು ಗುಂಪುಗಳೂ ರೂಢಿಯಂತೆ ಹತ್ತಿರ ಹತ್ತಿರ ಬಂದು, ಜಂಗಲು ಮರಳಿಗೆ ಮೂಗು ಊರಿದಾಗ ಒಂದಾಗಿದ್ದವು. ಸಾಹೇಬರು ಪ್ಯಾಂಟು ಮಡಚಿ ನೀರಿಗೇ ಇಳಿದು ಬಂದರು. ಮೆಗ್ಗರ್ ಜೋಡಿಸಿದೆ, ಹಿಡಿಕೆ ತಿರುಗಿಸಿದೆ. ಸೂಜಿ ತುದಿಗೆ ಹೋಯಿತು. ನನ್ನ ಕಣ್ಣು ತುಂಬಿ ಬಂದು ಆ ಸೂಜಿಯೇ ಮಂಜಾಗಿ ಕಂಡಿತು. ಯಾರು ಯಾರನ್ನು ಅಪ್ಪಿಕೊಂಡರೆಂದು ಹೇಳಲಾರೆ. ಸಾಹೇಬರ ಹ್ಯಾಟು ನೀರಿನಲ್ಲಿ ತೇಲುತ್ತಿತ್ತು.

ಎರಡೂ ದಡದಲ್ಲಿ ಕೇಬಲ್ಲನ್ನು ಕಂಬದ ತಂತಿಗೆ ಸೇರಿಸಿಯಾದ ಮೇಲೆ ಆರಂಭದ ದಿನ ಗೊತ್ತಾಯಿತು. ಹೊನ್ನಾವರದ ಅಂಚೆ ಕಚೇರಿಯಲ್ಲಿ ಟೆಲಿಫೋನಿನ ಬೋರ್ಡಿಗೆ ಹೂವಿನ ಹಾರ ಹಾಕಿದ್ದರು. ಸಾಹೇಬರು ಕರಿ ಕೋಟು ತೊಟ್ಟು, ಭಟ್ಕಳಕ್ಕೆ ಆಡಬೇಕಾದ ಮೊದಲ ಮಾತುಗಳನ್ನು ಬರೆದ ಕಾಗದ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಊರಿನ ದೊಡ್ಡವರು ಕುರ್ಚಿಗಳಲ್ಲಿ ಕೂತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸಾಹೇಬರು ಇನ್ನೇನು ಕೈ ಚಾಚಬೇಕು, ಅಷ್ಟರಲ್ಲಿ ಬೋರ್ಡಿನ ಮೇಲೆ ಭಟ್ಕಳದ ಬಿಲ್ಲೆ ತಾನಾಗಿಯೇ ಟಪ್ಪೆಂದು ಬಿತ್ತು. ಆ ಕಡೆಯಿಂದ ಯಾರೋ ಕರೆಯುತ್ತಿದ್ದರು.

ಆಪರೇಟರು ಕಿವಿಗೆ ಹಿಡಿದು ಕೇಳಿ, ಬಿಳಿಚಿಕೊಂಡು ತಿರುಗಿದರು. "ಭಟ್ಕಳದ ಡಾಕ್ಟ್ರು, ಸರ್. ಚಿರೆಕಲ್ಲು ಕಡಿಯುವ ಹೊಂಡ ಕುಸಿದು ಒಬ್ಬನ ಹೊಟ್ಟೆಗೆ ಪೆಟ್ಟಾಗಿದೆಯಂತೆ. ಒಳಗೆ ರಕ್ತ ಸೋರ್ತಾ ಇದ್ಯಂತೆ. ಕುಮಟೆಯ ಸರ್ಜನ್ ಬೇಕು ಅಂತಿದಾರೆ, ಈಗಲೇ."

ಎಲ್ಲರೂ ಸಾಹೇಬರನ್ನು ನೋಡಿದರು. ಅವರು ಕಾಗದ ಮಡಚಿದರು. "ನನ್ನ ಮಾರಿ ಏನ್ ನೋಡ್ತೀರಿ? ಲೈನ್ ಕೊಡ್ರಿ ಅವರಿಗೆ!"

ಭಟ್ಕಳ, ಕುಮಟೆ ಮಾತಾಡಿಕೊಂಡವು. ರೋಗಿಯನ್ನು ಲಾರಿಯಲ್ಲಿ ಮಲಗಿಸಿ ಆಗಲೇ ಹೊರಡಿಸಿದ್ದರು. ಸರ್ಜನರು ಕುಮಟೆಯಿಂದ ಸಾಮಾನು ಸಮೇತ ಹೊನ್ನಾವರಕ್ಕೆ ಬರುತ್ತೇನೆಂದರು. ಕಾಸರಕೋಡಿನಲ್ಲಿ ದೋಣಿ ತಯಾರಿರಬೇಕು, ಒಂದು ಗಳಿಗೆಯೂ ಕಾಯುವಂತಾಗಬಾರದು. ಆ ಮಾತು ಮುಗಿಯುವುದರೊಳಗೆ ನಾನು ಬಂದರಿಗೆ ಓಡಿದ್ದೆ. ತಾಂಡೇಲ ಅಂದು ಹಬ್ಬದ ಅಂಗಿ ತೊಟ್ಟು ತನ್ನ ಜನರೊಂದಿಗೆ ಈಚೆ ದಡಕ್ಕೆ ಬಂದಿದ್ದ.

"ತಾಂಡೇಲಣ್ಣ, ದೋಣಿ ಆಚೆ ಬೇಕು. ಭಟ್ಕಳದಿಂದ ಪೆಟ್ಟಾದವ ಬತ್ತಾ ಇದ್ದಾನೆ."

"ಯಾರ್ ಹೇಳ್ದೋರು? ಆಚೆಯಿಂದ ಒಂದ್ ದೋಣಿನೂ ಬರ್ಲಿಲ್ಲಲ್ಲ?"

ನಾನು ನೀರಿನ ಕಡೆ ಕೈ ತೋರಿಸಿದೆ. ಅವನು ಹೊಳೆಯನ್ನು ಒಮ್ಮೆ ನೋಡಿದ. ಹೊಸ ಅಂಗಿಯನ್ನು ತಲೆಯ ಮೇಲಿಂದ ಎಳೆದು ಬಿಸಾಡಿ, ಹುಟ್ಟು ಹಿಡಿಯುವವರನ್ನು ಹೆಸರು ಹಿಡಿದು ಕೂಗುತ್ತ ದೋಣಿಗೆ ಹಾರಿದ.

ಲಾರಿ ಕಾಸರಕೋಡಿಗೆ ಬಂದಾಗ ದೋಣಿ ಮರಳಿಗೆ ಮೂಗು ಕೊಟ್ಟು ಕಾಯುತ್ತಿತ್ತು. ಆ ದೋಣಿ ಅಷ್ಟು ವೇಗವಾಗಿ ಹೊಳೆ ದಾಟಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಈಚೆ ದಡದಲ್ಲಿ ಸರ್ಜನರ ಕಾರು ಆಗ ತಾನೇ ಬಂದು ನಿಂತಿತ್ತು. ಅವರು ಮೊಣಕಾಲುದ್ದ ನೀರಿನಲ್ಲಿ ನಿಂತೇ ರೋಗಿಯ ನಾಡಿ ಹಿಡಿದರು, ಕಣ್ಣೆವೆ ಎತ್ತಿ ನೋಡಿದರು. "ಇದ್ದಾನೆ. ಒಯ್ಯಿರಿ ದವಾಖಾನೆಗೆ" ಎಂದರು.

ದಡಕ್ಕೆ ಬಂದಿದ್ದ ಸಾಹೇಬರೂ ನಾನೂ ಅಂಚೆ ಕಚೇರಿಗೆ ಮರಳಿದೆವು. ಊರಿನ ದೊಡ್ಡವರು ಇನ್ನೂ ಕೂತೇ ಇದ್ದರು. ಆಪರೇಟರು ಭಟ್ಕಳಕ್ಕೆ ಕರೆ ಹಚ್ಚಿದರು. ಸಾಹೇಬರು ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ನನಗೂ ಕೇಳಿಸುವಂತೆ ಟೆಲಿಫೋನನ್ನು ಕಿವಿಯಿಂದ ತುಸು ದೂರ ಹಿಡಿದರು. ಬರೆದ ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ.

"ಡಾಕ್ಟರ್ ಸಾಹೇಬ್ರ," ಎಂದರು, "ನಿಮ್ಮ ಮನಿಷ್ಯಾ ಹೊಳಿ ದಾಟಿದ. ಜೀಂವ ಅದ."

ಹೊಳೆಯಾಚೆ ಡಾಕ್ಟರು ಉಸಿರು ಬಿಟ್ಟದ್ದು ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.